ತೊಂಬತ್ತೊಂಬತ್ತು ರೂಪಾಯಿಯ ಮನೆತನ

"ಒಂದು ಲಕ್ಷದ ಅರವತ್ತು ಸಾವಿರ," ಎಂದ ಬೇಬಿಚ್ಚನ್.

"ಯಾವುದಕ್ಕೆ?"

"ಹೆಸರಿಗೆ ಟೀಚರೇ. ಬರೀ ಹೆಸರಿಗೆ. ಪುಳಿಂಚೋಟಿಲ್ ಡಾಟ್ ಕಾಮ್. ಯಾವನೋ ಎಲ್ಲೋ ಕೂತು ನಮ್ಮ ಕಡೆಯ ಮನೆ ಹೆಸರುಗಳನ್ನೆಲ್ಲ ಸಾಲಾಗಿ ಹಿಡಿದಿಟ್ಟಿದಾನೆ. ಬೇಕಾದ್ರೆ ಇಷ್ಟು ಕೊಡಿ ಅಂತಾನೆ."

"ಅದು ನಮ್ಮ ಮನೆ ಹೆಸರು ಬೇಬಿಚ್ಚಾ!"

"ಮನೆ ನಿಮ್ದೇ. ಹೆಸರು ಅವಂದು."

ನಾನು ಚೀಲದಿಂದ ಕುಟುಂಬಯೋಗದ ನಡವಳಿ ಪುಸ್ತಕ ತೆಗೆದು ಅವನ ಮೇಜಿನ ಮೇಲಿಟ್ಟೆ. ಪುಳಿಂಚೋಟಿಲ್ ಮನೆತನದ ನಲವತ್ತಾರು ಸಂಸಾರಗಳು ಸೇರಿ, ಮೂರು ಗಂಟೆ ವಾದ ಮಾಡಿ, ಎರಡು ಬುಟ್ಟಿ ಕಟ್ಲೆಟ್ ಮುಗಿಸಿ ಬರೆಸಿದ ಸಾಲು ಅದರಲ್ಲಿತ್ತು. ಮನೆತನಕ್ಕೊಂದು ವೆಬ್‌ಸೈಟ್ ಆಗಬೇಕು. ಹೆಸರಿನ ಖರ್ಚು ವರ್ಷಕ್ಕೆ ಸಾವಿರ ರೂಪಾಯಿ ಮೀರಬಾರದು. ಬರೆದು ಸಹಿ ಹಾಕಿದವಳು ನಾನೇ, ಕಾರ್ಯದರ್ಶಿ ಕ್ಲಾರ. ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳು. ಈ ಪಟ್ಟ ಒಬ್ಬ ಹೆಂಗಸಿಗೆ ಸಿಕ್ಕಿದ್ದು ಇದೇ ಮೊದಲು. ವರದಿ ಬರೆಯುವ ತಾಳ್ಮೆ ಗಂಡಸರಲ್ಲಿ ಯಾರಿಗೂ ಇರಲಿಲ್ಲ.

"ಸಾವಿರದೊಳಗೆ ಏನಿದೆ, ಅದನ್ನು ತೋರಿಸು."

ಪಾಲಾ ಪೇಟೆಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಬೇಬಿಚ್ಚನ ಅಂಗಡಿ. ಮದುವೆ ಕಾಗದ, ಸಾವಿನ ಫ್ಲೆಕ್ಸು, ಚರ್ಚಿನ ಹಬ್ಬದ ನೋಟೀಸು, ಈಗೀಗ ವೆಬ್‌ಸೈಟು, ಎಲ್ಲವೂ ಒಂದೇ ಮೇಜಿನ ಮೇಲೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಡಾಟ್ ಫ್ಯಾಮಿಲಿ ಅಂತ ಒಂದಿದೆ. ಕೇಳೋಕೆ ಚೆಂದ. ವರ್ಷಕ್ಕೆ ಎರಡೂವರೆ ಸಾವಿರ."

"ಬೇಡ. ನಮ್ಮಣ್ಣ ನನ್ನ ಜೀವ ತೆಗೀತಾನೆ."

"ಡಾಟ್ ಇನ್ ತಗೊಳ್ಳಿ. ಈ ವರ್ಷ ಆರುನೂರೈವತ್ತು, ಮುಂದಕ್ಕೆ ಒಂಬೈನೂರು ಚಿಲ್ಲರೆ. ಮರ್ಯಾದಸ್ತರಿಗೆ ಅದೇ ಸರಿ."

"ಅದರ ಕೆಳಗೆ ತೊಂಬತ್ತೊಂಬತ್ತು ಅಂತ ಇದ್ಯಲ್ಲ?"

"ಅಯ್ಯೋ ಅದು ಬಲೆ ಟೀಚರೇ! ಡಾಟ್ ಆನ್‌ಲೈನ್. ಮೊದಲ ವರ್ಷ ತೊಂಬತ್ತೊಂಬತ್ತು, ಎರಡನೇ ವರ್ಷ ಮೂರು ಸಾವಿರ. ಹೊಸ ಅಳಿಯನ ಥರ. ಮೊದಲ ವರ್ಷ ಮಾತ್ರ ನಗ್‌ನಗ್ತಾ ಇರ್ತಾನೆ."

"ನಂಗೆ ಗೊತ್ತಿರೋ ಒಂದು ಮನೆಯವರು ಹೆಸರಿಗೆ ಈ ಬಾಲಾನೇ ಇಟ್ಕೊಂಡಿದಾರಪ್ಪ. ಹದಿನೇಳು ವರ್ಷದಿಂದ."

"ಸುಳ್ಳು," ಎಂದ ಬೇಬಿಚ್ಚನ್, ಪರದೆಯಿಂದ ಕಣ್ಣು ತೆಗೆಯದೆ. "ಈ ಬಾಲ ಹುಟ್ಟಿದ್ದೇ ಎರಡು ಸಾವಿರದ ಹದಿನೈದರಲ್ಲಿ. ಹದಿನೇಳು ವರ್ಷ ಎಲ್ಲಿಂದ ಬರುತ್ತೆ? ಈಗ ನಿಮ್ಮ ಹೆಸರಿಗೆ ನೋಡಿದ್ನಲ್ಲ, ಹಾಗೆ ಯಾವ ಹೆಸರು ಹಾಕಿದ್ರೂ ಹುಟ್ಟಿದ ತಾರೀಕು ತೋರಿಸುತ್ತೆ. ಕೊಂಡವರ ವಿವರ ಮುಚ್ಚಿಡಬಹುದು. ತಾರೀಕು ಮುಚ್ಚೋಕಾಗಲ್ಲ. ಯಾವ ಮನೆ ಹೇಳಿ, ನೋಡೇ ಬಿಡೋಣ."

"ವೆಳ್ಳಾರಂಕಲ್."

ಅವನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು.

"ಏನಾಯ್ತು?"

"ನೆಟ್ ಹೋಯ್ತು."

ಪರದೆಯ ಮೂಲೆಯಲ್ಲಿ ಜಾಹೀರಾತೊಂದು ಕುಣಿಯುತ್ತಲೇ ಇತ್ತು. ನೆಟ್ ಎಲ್ಲಿಗೂ ಹೋಗಿರಲಿಲ್ಲ.

"ಟೀಚರೇ, ನಂಗೊಂದು ಸಾವಿನ ಫ್ಲೆಕ್ಸ್ ಅರ್ಜೆಂಟ್ ಇದೆ. ಮೂರು ಗಂಟೆಗೆ ಮಣ್ಣು. ನೀವು ಸೋಮವಾರ ಬನ್ನಿ."

ನಾನು ಸೋಮವಾರದವರೆಗೆ ಕಾಯುವಂತಿರಲಿಲ್ಲ. ಪುಸ್ತಕ ಎತ್ತಿಕೊಂಡು ಹೊರಗೆ ಬಂದು, ಅವನು ತೋರಿಸಿದ ಪುಟವನ್ನೇ ನನ್ನ ಫೋನಿನಲ್ಲಿ ತೆರೆದೆ. ವೆಳ್ಳಾರಂಕಲ್ ಎಂದು ಬರೆದು, ಬಾಲ ಸೇರಿಸಿ, ಒತ್ತಿದೆ.

ನೋಂದಣಿಯಾದ ದಿನ: ಆಗಸ್ಟ್ ಇಪ್ಪತ್ತೇಳು. ಹೋದ ವರ್ಷದ ಆಗಸ್ಟ್. ಐದು ತಿಂಗಳೂ ಆಗಿಲ್ಲ.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆ.

ನಾಳೆ ಭಾನುವಾರ. ನಾಳೆ ಬೆಳಿಗ್ಗೆ ಎರಡನೇ ಪೂಜೆಯಲ್ಲಿ ನಮ್ಮ ಚರ್ಚಿನ ಪಾದ್ರಿ, ವಿಕಾರಿಯಚ್ಚನ್, ಪೀಠದ ಬಳಿ ನಿಂತು ಮೂರನೆಯ ಸಲ, ಕಡೆಯ ಸಲ ಕೂಗಿ ಹೇಳುತ್ತಾರೆ: ಪುಳಿಂಚೋಟಿಲ್ ಔಸೇಪ್ಪಚ್ಚನ ಮಗಳು ತ್ರೇಸಳಿಗೂ, ವೆಳ್ಳಾರಂಕಲ್ ಮತ್ತಾಯಿಯ ಮೊಮ್ಮಗ ಸಿಲ್ವೆಸ್ಟರನಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿ ಇದ್ದವರು ತಿಳಿಸಬೇಕು. ಮೂರು ಕೂಗು ಮುಗಿದರೆ ಮುಂದಿನ ಸೋಮವಾರ ತಾಳಿ.

ಔಸೇಪ್ಪಚ್ಚನ್ ನನ್ನ ಅಣ್ಣ. ತ್ರೇಸ ನಾನು ಎತ್ತಿ ಆಡಿಸಿದ ಮಗು.

ಸಿಲ್ವೆಸ್ಟರ್ ನಮ್ಮ ಮನೆಗೆ ಬಂದದ್ದು ನಮ್ಮ ತಾಯಿ ಅಮ್ಮಚ್ಚಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ. ವಾರಕ್ಕೆ ಮೂರು ದಿನ ಬಂದು ವ್ಯಾಯಾಮ ಮಾಡಿಸುತ್ತಿದ್ದ. ಕನ್ಯಾಸ್ತ್ರೀಯರು ಅನಾಥಾಲಯದಲ್ಲಿ ಬೆಳೆಸಿದ ಹುಡುಗ, ಕೈಯಲ್ಲಿ ಕೆಲಸ, ಮುಖದಲ್ಲಿ ನಗು. ತ್ರೇಸ ಅವನನ್ನು ಇಷ್ಟಪಟ್ಟಳು. ಅಣ್ಣ ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಿದ: ಮನೆ ಹೆಸರೇ ಇಲ್ಲದವನಿಗೆ ಹೆಣ್ಣು ಕೊಡುವುದು ಹೇಗೆ? ಆಮೇಲೆ ಸೆಪ್ಟೆಂಬರ್ ಐದಕ್ಕೆ ಸಿಲ್ವಿಗೆ ಒಂದು ಇಮೇಲ್ ಬಂತು. ವೆಳ್ಳಾರಂಕಲ್ ಕುಟುಂಬದ ವೆಬ್‌ಸೈಟಿನಿಂದ. ನೀನು ನಮ್ಮವನು, ಮಲಬಾರಿಗೆ ವಲಸೆ ಹೋದ ಮತ್ತಾಯಿಯ ಮೊಮ್ಮಗ, ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇವೆ ಎಂದು.

ವಿಚಾರಿಸಿ ಹೇಳು ಎಂದು ಅಣ್ಣ ನನಗೆ ಹೇಳಿದ. ನಾನು ವಿಚಾರಿಸಿದೆ. ಅಂದರೆ ಒಂದು ಗಂಟೆ ಕೂತು ಆ ವೆಬ್‌ಸೈಟ್ ಓದಿದೆ. ಕೆಳಗೆ 'ಎರಡು ಸಾವಿರದ ಎಂಟರಿಂದ' ಎಂದಿತ್ತು. ವಿಕಾರಿಯಚ್ಚನ ಮುಂದೆ ನಿಂತು, "ವಿಚಾರಿಸಿದ್ದೇನೆ ಅಚ್ಚಾ, ಒಳ್ಳೆಯ ಮನೆತನ" ಎಂದೆ. ಮಾತನ್ನು ತೂಗಿ ಆಡುವವಳೆಂದು ಊರಲ್ಲಿ ನನಗೆ ಹೆಸರು. ಆ ಹೆಸರಿನ ಮೇಲೆ ಆ ಹುಡುಗಿಯ ಮದುವೆ ನಿಂತಿತ್ತು.

ಇಮೇಲ್ ಬಂದದ್ದು ಸೆಪ್ಟೆಂಬರ್ ಐದು. ಮನೆತನ ಹುಟ್ಟಿದ್ದು ಅದಕ್ಕೆ ಒಂಬತ್ತು ದಿನ ಮುಂಚೆ.

ಯಾರು? ಮೊದಲು ತೋಚಿದ್ದು ಸಿಲ್ವಿಯೇ. ಲಾಭ ಅವನದು. ಎರಡನೆಯ ಹೆಸರು ತ್ರೇಸ. ಅವಳಿಗೆ ಕಂಪ್ಯೂಟರ್ ಬರುತ್ತದೆ, ಹಟವೂ ಇದೆ. ಮತ್ತೆ ವೆಬ್‌ಸೈಟ್ ತೆರೆದೆ. ಈ ಸಲ ನಂಬುವುದಕ್ಕಲ್ಲ, ಎಲೆಯ ಅಡಿಯನ್ನು ಹುಳಕ್ಕಾಗಿ ನೋಡುವ ಹಾಗೆ ಓದತೊಡಗಿದೆ.

ಏಳು ತಲೆಮಾರಿನ ವಂಶವೃಕ್ಷ. ಅದರ ಮೂರನೆಯ ಸಾಲಿನಲ್ಲಿ ನನ್ನ ಕಣ್ಣು ಸಿಕ್ಕಿಕೊಂಡಿತು.

'ಕುಂಞೇಲಿ. ಪಡಿಂಞಾರೆ ಮನೆಯಿಂದ ಬಂದವಳು. ಆರು ಹೆತ್ತಳು, ಮೂರನ್ನು ಹೂತಳು. ಅವಳು ಹಾಕಿದ ಮಿಡಿ ಉಪ್ಪಿನಕಾಯಿ ಎರಡು ಮಳೆಗಾಲ ಕೆಡುತ್ತಿರಲಿಲ್ಲ.'

ಅದರ ಕೆಳಗೆ: 'ಮರಿಯಂ. ಬಾಣಂತನದಲ್ಲಿ ತೀರಿಕೊಂಡಳು. ಹಾಡು ಬರುತ್ತಿತ್ತು.'

ಮತ್ತೂ ಕೆಳಗೆ: 'ಅಚ್ಚಾಮ್ಮ. ಗಂಡನಿಗಿಂತ ಎರಡು ವರ್ಷ ದೊಡ್ಡವಳು. ಯಾರಿಗೂ ಗೊತ್ತಾಗಲಿಲ್ಲ.'

ಆ ಮೂರು ಸಾಲುಗಳನ್ನೂ ಇನ್ನೊಮ್ಮೆ ಓದಿದೆ.

ನಮ್ಮ ಕಡೆಯ ಯಾವ ಮನೆತನದ ಪುಸ್ತಕವನ್ನು ಬೇಕಾದರೂ ತೆಗೆದು ನೋಡಿ. ನಮ್ಮದನ್ನೂ ನೋಡಿ, ನಾನೇ ಅಚ್ಚು ಹಾಕಿಸಿದ್ದು. ಗಂಡಸಿನ ಹೆಸರು, ಅವನು ಕೊಂಡ ತೋಟ, ಅವನು ಕಟ್ಟಿಸಿದ ಶಿಲುಬೆಯ ಗುಡಿ, ಅವನ ಗಂಡುಮಕ್ಕಳ ಹೆಸರು. ಕೊನೆಗೆ 'ಹೆಣ್ಣುಮಕ್ಕಳು: ನಾಲ್ವರು'. ಹೆಂಡತಿಗೆ ಹೆಚ್ಚೆಂದರೆ ಅವಳ ತವರಿನ ಹೆಸರು. ಹೆಣ್ಣನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಬರೆಯುವುದಿಲ್ಲ. ಸಿಲ್ವಿ ಕಳ್ಳನಾಗಿದ್ದರೆ ಅಂಥ ಪುಸ್ತಕವೊಂದನ್ನು ನೋಡಿ ನಕಲು ಮಾಡುತ್ತಿದ್ದ. ತ್ರೇಸಳೂ ನಮ್ಮ ಪುಸ್ತಕವನ್ನೇ ನಕಲು ಮಾಡುತ್ತಿದ್ದಳು. ಉಪ್ಪಿನಕಾಯಿ ಎರಡು ಮಳೆಗಾಲ ತಡೆಯಬೇಕೆಂಬ ಸಂಗತಿ ಅವಳಿಗೆ ಗೊತ್ತೇ ಇಲ್ಲ. ಅಂಗಡಿಯಿಂದ ತರುವವಳು.

ಇದನ್ನು ಬರೆದ ಜೀವಕ್ಕೆ ವಂಶ ಎಂದರೆ ಮೊದಲು ನೆನಪಾದದ್ದು ಹೆಂಗಸರು. ಬರೆದದ್ದು ಹೆಂಗಸು. ವಯಸ್ಸಾದ ಹೆಂಗಸು.

ಮತ್ತೆ ಅಂಗಡಿಯೊಳಗೆ ಹೋದೆ. ಬೇಬಿಚ್ಚನ್ ಪರದೆಯ ಮೇಲಿನ ಸತ್ತವರ ಫೋಟೋಕ್ಕೆ ಹೂಮಾಲೆ ಕೂರಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಬೇಬಿಚ್ಚಾ, ಆ ವೆಬ್‌ಸೈಟ್ ಮಾಡಿದ್ದು ನೀನು."

"ಯಾವ ವೆಬ್‌ಸೈಟ್?"

"ಬರೆದು ತಂದ ಕಾಗದ ಎಲ್ಲಿ?"

"ಕಾಗದ ಇಲ್ಲ, ಬಾಯಲ್ಲೇ ಹೇಳಿ..." ಎಂದವನು ನಾಲಿಗೆ ಕಚ್ಚಿಕೊಂಡ.

"ಎಷ್ಟು ದಿನ ಹೇಳಿದ್ರು?"

"ಎರಡು ಮಧ್ಯಾಹ್ನ." ಅವನ ಧ್ವನಿ ಇಳಿಯಿತು. "ಟೀಚರೇ, ನಂದೇನೂ ತಪ್ಪಿಲ್ಲ. ಗಿರಾಕಿ ಕತೆ ಹೇಳಿದ್ರೆ ಟೈಪ್ ಮಾಡೋದು ನನ್ನ ಕೆಲಸ. ಎರಡು ಸಾವಿರದ ಎಂಟು ಅಂತ ಹಾಕಬೇಡಿ, ಸಿಕ್ಕಿಬೀಳ್ತೀರಿ ಅಂತ ಹೇಳಿದ್ದೆ. ನಿನ್ನ ಅಂಗಡಿಗೆ ಬರೋರಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ ಅಂದ್ರು."

"ಯಾರು ಅಂದ್ರು?"

"ಹೇಳೋಕಾಗಲ್ಲ. ಬೈಬಲ್ ಮೇಲೆ ಕೈ ಇಡಿಸಿ ಆಣೆ ಹಾಕಿಸಿದಾರೆ."

"ಹೆಸರು ಹೇಳಬೇಡ. ಏನು ಉಟ್ಟಿದ್ರು?"

ಬೇಬಿಚ್ಚನ್ ಪರದೆಯ ಮೇಲಿನ ಹೂಮಾಲೆಯನ್ನು ಎಳೆದು ಸರಿಮಾಡಿದ.

"ಬಟ್ಟೆ ವಿಷಯಕ್ಕೆ ಆಣೆ ಹಾಕಿಸಿಲ್ಲ," ಎಂದ ಕೊನೆಗೆ. "ಬಿಳಿ ರವಿಕೆ, ಬಿಳಿ ಮುಂಡು. ಹಿಂದ್ಗಡೆ ಬೀಸಣಿಗೆ ಥರ ನೆರಿಗೆ. ಕಿವಿ ಮೇಲ್ತುದೀಲಿ ಚಿನ್ನದ ಉಂಗುರ. ಆಟೋದವನು ಹಿಡ್ಕೊಂಡು ಬಂದು ಕೂರಿಸ್ದ, ಕೂರೋಕೆ ದಿಂಬು ಕೇಳಿದ್ರು. ಸೊಂಟ ನೋವು ಅಂತ."

ನಮ್ಮ ಚರ್ಚಿನಲ್ಲಿ ಈಗ ಆ ಹಳೆಯ ಉಡುಪು ಉಡುವವರು ಇಬ್ಬರೇ. ಒಬ್ಬರು ಮೂರು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ.

ಇನ್ನೊಬ್ಬರು ನನ್ನ ತಾಯಿ.

*

ಆಟೋ ಇಳಿದಾಗ ಹನ್ನೆರಡೂವರೆ. ಅಂಗಳದ ತುಂಬ ಚಾಪೆ ಹಾಸಿ ಬೇಯಿಸಿದ ಮರಗೆಣಸಿನ ಹೋಳುಗಳನ್ನು ಒಣಗಲು ಹರವಿದ್ದರು. ಜಗುಲಿಯ ಕುರ್ಚಿಯಲ್ಲಿ ಅಮ್ಮಚ್ಚಿ, ಕೈಯಲ್ಲಿ ಉದ್ದನೆಯ ಕೋಲು, ಕಾಗೆಗಳ ಮೇಲೆ ಕಣ್ಣು. ಎಂಬತ್ತನಾಲ್ಕು ವರ್ಷ. ಅಣ್ಣ, ಅತ್ತಿಗೆ, ತ್ರೇಸ ಮೂವರೂ ಸೀರೆ ತರಲು ಕೊಟ್ಟಾಯಂಗೆ ಹೋಗಿದ್ದರು.

"ಸಿಕ್ತಾ ಹೆಸರು?" ಎಂದು ಕೇಳಿದರು ಅಮ್ಮಚ್ಚಿ. "ಎಷ್ಟು ಹೇಳ್ದ ಆ ಬೇಬಿ?"

"ತೊಂಬತ್ತೊಂಬತ್ತು ರೂಪಾಯಿ."

ಕೋಲು ಗಾಳಿಯಲ್ಲೇ ನಿಂತಿತು. ಒಂದು ಕಾಗೆ ಇಳಿದು ಒಂದು ಹೋಳು ಕಚ್ಚಿಕೊಂಡು ಹಾರಿತು. ಅಮ್ಮಚ್ಚಿ ಅದನ್ನು ನೋಡಲೂ ಇಲ್ಲ.

"ಹೇಳ್ಬಿಟ್ನಾ ಆ ಬಾಯಿಬಡಕ?"

"ಅವನು ಹೇಳಲಿಲ್ಲ. ನಿನ್ನ ಕುಂಞೇಲಿ ಹೇಳಿದ್ಲು. ಉಪ್ಪಿನಕಾಯಿ ಹಾಕೋಳು."

"ಓ." ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಸುಳಿದು ಹೋಯಿತು. "ಚೆನ್ನಾಗಿತ್ತಾ?"

"ಅಮ್ಮಚ್ಚೀ!"

"ಕಿರುಚಬೇಡ. ಕೆಲಸದೋರು ಹಿತ್ತಲಲ್ಲಿದಾರೆ."

ಜಗುಲಿಯ ಮೆಟ್ಟಿಲ ಮೇಲೆ ಕೂತೆ. "ಸುಳ್ಳು ಮನೆತನ ಮಾಡಿದ್ಯಾ? ನಿನ್ನ ಮಗನಿಗೆ, ಮೊಮ್ಮಗಳಿಗೆ? ಅಚ್ಚನ ಮುಂದೆ ನಾನು ಸಾಕ್ಷಿ ಹೇಳಿ ಬಂದಿದೀನಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲ!"

"ನಿನ್ನ ಬಾಯಲ್ಲಿ ಬಂದಿದ್ರಿಂದ್ಲೇ ಅಚ್ಚ ನಂಬಿದ್ದು. ನಂಗೆ ಗೊತ್ತಿತ್ತು."

"ಯಾಕೆ ಹೀಗೆ ಮಾಡ್ದೆ?"

"ಆ ಹುಡುಗಿ ಎರಡು ತಿಂಗಳು ಊಟ ಬಿಟ್ಟಿದ್ದು ನೀನು ನೋಡಿದೀಯ. ನಿನ್ನಣ್ಣ ಮನೆ ಹೆಸರು, ಮನೆ ಹೆಸರು ಅಂತ ಜಪ ಮಾಡ್ತಿದ್ದ. ಸರಿ, ಒಂದು ಹೆಸರು ತಾನೇ? ತರಿಸಿ ಕೊಟ್ಟೆ." ಕೋಲಿನಿಂದ ನನ್ನ ಭುಜ ತಟ್ಟಿದರು. "ತೊಂಬತ್ತೊಂಬತ್ತು ರೂಪಾಯಿಗೆ ಸಿಕ್ತು ಕಣೇ. ನಿನ್ನಪ್ಪನ ಮನೆ ಹೆಸರು ನಂಗೆ ಬರೋಕೆ ನಮ್ಮಪ್ಪ ಎರಡು ಎಕರೆ ಗದ್ದೆ ಮಾರ್ದ."

"ತಮಾಷೆ ಮಾಡಬೇಡ."

"ತಮಾಷೆ ಅಲ್ಲ. ಆ ಹುಡುಗ ಸೊಂಟ ಮುರಿದ ನನ್ನನ್ನ ಮಗು ಥರ ಹಿಡಿದು ನಡೆಸ್ದ. ನಿಮ್ಮ ಈ ನಲವತ್ತಾರು ಸಂಸಾರದಲ್ಲಿ ಎಷ್ಟು ಜನ ಬಂದು ನೋಡಿದ್ರು ನನ್ನ?"

ನಾನು ಹೇಳಬೇಕಾದ ಒಂದು ಮಾತು ಇತ್ತು. ಆಟೋದಲ್ಲಿ ಬರುವಾಗಲೇ ತೀರ್ಮಾನಿಸಿದ್ದೆ.

"ನಾನು ಸಂಜೆ ಅಚ್ಚನ ಹತ್ರ ಹೋಗ್ತೀನಿ. ನಾಳೆ ಕೂಗಬೇಡಿ ಅಂತ ಹೇಳ್ತೀನಿ. ನಿನ್ನ ಹೆಸರು ಹೇಳಲ್ಲ. ಆ ಸಿಲ್ವಿ ಮಾಡಿದ ಮೋಸ ಅವನೇ ಒಪ್ಪಿಕೊಳ್ಳಲಿ. ನಿನ್ನ ಜೊತೆ ಸೇರ್ಕೊಂಡು ಇಷ್ಟು ದೊಡ್ಡ ನಾಟಕ..."

"ಅವನು ಸೇರಿಲ್ಲ."

"ಏನು?"

"ಅವನಿಗೆ ಗೊತ್ತಿಲ್ಲ ಕ್ಲಾರೇ."

ಅಂಗಳದ ಬಿಸಿಲು ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಯಿತು.

"ಗೊತ್ತಿಲ್ಲ ಅಂದ್ರೆ?"

"ಇಮೇಲ್ ಕಳ್ಸಿದ್ದು ಬೇಬಿ. ಹೇಳಿಕೊಟ್ಟಿದ್ದು ನಾನು. ಅವನು ನಿಜ ಅಂತ ನಂಬಿದಾನೆ." ಅಮ್ಮಚ್ಚಿಯ ಧ್ವನಿ ಮೊದಲ ಸಲ ಸಣ್ಣದಾಯಿತು. "ಓದಿದ ದಿನ ಇಲ್ಲಿಗೆ ಬಂದು ನನ್ನ ಕಾಲ ಹತ್ರ ಕೂತ್ಕೊಂಡ. ಅಮ್ಮಚ್ಚೀ, ನಂಗೂ ಅಜ್ಜಂದಿರು ಇದ್ರು ಅಂದ. ಆ ಕುಂಞೇಲಿ, ಹಾಡು ಹೇಳೋ ಮರಿಯಂ, ಎಲ್ಲರ ಹೆಸರೂ ಬಾಯಿಪಾಠ ಮಾಡಿದಾನೆ. ಸತ್ತೋರ ಪೂಜೆಗೆ ಅವರ ಹೆಸರು ಬರೆಸ್ತಾನೆ, ತಿಂಗಳು ತಿಂಗಳೂ."

ಮೆಟ್ಟಿಲ ಬಳಿ ಬಿದ್ದಿದ್ದ ಒಂದು ಹೋಳನ್ನು ಎತ್ತಿ ಚಾಪೆಗೆ ಹಾಕಿದೆ.

ನಾಳೆ ನಾನು ಅಡ್ಡಿ ಹೇಳಿದರೆ ಮುರಿಯುವುದು ಒಂದು ಮದುವೆ ಎಂದುಕೊಂಡಿದ್ದೆ. ಮೋಸಗಾರನೊಬ್ಬ ಬಯಲಾಗುತ್ತಾನೆ, ನಮ್ಮ ಹುಡುಗಿ ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಈಗ ನೋಡಿದರೆ ಇಪ್ಪತ್ತೆಂಟು ವರ್ಷದ ಒಬ್ಬ ಹುಡುಗನ ಏಳು ತಲೆಮಾರನ್ನು ಒಂದೇ ಭಾನುವಾರ ನಾನು ಕೊಲ್ಲಬೇಕು. ಸುಮ್ಮನಿದ್ದರೆ, ಪೀಠದ ಮುಂದೆ ಸುಳ್ಳಿಗೆ ಸಹಿ ಹಾಕಿದವಳಾಗಿ ಸಾಯಬೇಕು.

ಆಗ ಇನ್ನೊಂದು ಸಂಗತಿ ಹೊಳೆದು ಎದ್ದು ನಿಂತೆ.

"ಅಮ್ಮಚ್ಚೀ, ಅವನು ಇವತ್ತು ಎಲ್ಲಿಗೆ ಹೋಗಿದಾನೆ ಗೊತ್ತಲ್ಲ?"

"ಚೆಂಬಕಪ್ಪಾರಕ್ಕೆ. ಅಜ್ಜನ ದಾಖಲೆ ತಗೊಂಡು ಬಾ, ಕಡೇ ಕೂಗಿಗೆ ಮುಂಚೆ ಕಾಗದ ಇರಲಿ ಅಂತ ಅಚ್ಚ ಹೇಳಿದಾರಲ್ಲ."

"ಅಲ್ಲಿ ಚರ್ಚಿನ ಪುಸ್ತಕದಲ್ಲಿ ಆ ಹೆಸರು ಇರಲ್ಲ! ಅಲ್ಲೇ ಎಲ್ಲ ಬಯಲಾಗುತ್ತೆ!"

"ಏನೂ ಆಗಲ್ಲ, ಕೂತ್ಕೋ." ಅಮ್ಮಚ್ಚಿ ಕೋಲನ್ನು ಮತ್ತೆ ಅಂಗಳದ ಕಡೆ ಚಾಚಿದರು. "ಅದು ಮಲಬಾರಿನ ಕಾಡು. ಆಗ ಹುಲ್ಲಿನ ಚರ್ಚು. ಹಳೇ ಪುಸ್ತಕ ಎಲ್ಲಾನೂ ಗೆದ್ದಲು ತಿಂದು ಎಷ್ಟೋ ಕಾಲ ಆಯ್ತು. ಅಲ್ಲಿನ ಅಚ್ಚ, ದಾಖಲೆ ಹಾಳಾಗಿದೆ ಅಂತ ಒಂದು ಕಾಗದ ಬರೆದುಕೊಡ್ತಾರೆ. ಅದಕ್ಕೇ ಆ ಊರು ಆರಿಸಿದ್ದು."

"ಊರು ಸರಿ. ವೆಳ್ಳಾರಂಕಲ್ ಅನ್ನೋ ಹೆಸರು? ಮತ್ತಾಯಿ?"

"ಬಾಯಿಗೆ ಬಂದಿದ್ದು ಹೇಳ್ದೆ."

ಅಮ್ಮಚ್ಚಿ ಅದನ್ನು ಹೇಳಿದ್ದು ಕಾಗೆಗಳ ಕಡೆ ನೋಡುತ್ತ. ಅಂಗಳದಲ್ಲಿ ಆಗ ಒಂದು ಕಾಗೆಯೂ ಇರಲಿಲ್ಲ.

ನನ್ನ ಫೋನ್ ಬಡಿದುಕೊಂಡಿತು. ಸಿಲ್ವಿ.

ತೆಗೆಯುವುದೋ ಬಿಡುವುದೋ ತಿಳಿಯದೆ ಅಮ್ಮಚ್ಚಿಯ ಮುಖ ನೋಡಿದೆ. "ತಗೋ," ಎಂದು ಸನ್ನೆ ಮಾಡಿದರು. ಇಬ್ಬರಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ.

"ಆಂಟೀ!" ಅವನು ಏದುಸಿರು ಬಿಡುತ್ತಿದ್ದ. ಹಿಂದೆ ಗಾಳಿಯ ಸದ್ದು. "ಆಂಟೀ, ಸಿಕ್ತು!"

"ಏನು ಸಿಕ್ತು ಮಗಾ?"

"ಅಜ್ಜ ಸಿಕ್ಕಿದ್ರು! ವೆಳ್ಳಾರಂಕಲ್ ಮತ್ತಾಯಿ. ಹಳೇ ಪುಸ್ತಕ ಗೆದ್ದಲು ಹಿಡಿದು ಹಾಳಾಗಿತ್ತಂತೆ. ಹೋದ ವರ್ಷ ಇಲ್ಲಿನ ಅಚ್ಚ ಉಳಿದಿದ್ದ ಹಾಳೆಗಳನ್ನೆಲ್ಲ ಜೋಡಿಸಿ ಕಟ್ಟು ಹಾಕ್ಸಿದಾರೆ. ಅದರಲ್ಲಿ ಇದೆ ಆಂಟಿ, ನನ್ನ ಕಣ್ಣಾರೆ ನೋಡ್ದೆ. ಮದುವೆ ಪುಸ್ತಕ. ಸಾವಿರದ ಒಂಬೈನೂರ ಐವತ್ತಾರು, ಜನವರಿ."

ಇಲ್ಲದ ಮನುಷ್ಯ. ಬೇಬಿಚ್ಚನ ಅಂಗಡಿಯಲ್ಲಿ, ದಿಂಬಿನ ಮೇಲೆ ಕೂತು ಹುಟ್ಟಿಸಿದ ಮನುಷ್ಯ.

"ಒಂದ್ ನಿಮಿಷ, ಬರ್ಕೊಂಡಿದೀನಿ. ಓದ್ತೀನಿ ಕೇಳಿ. ವರ, ವೆಳ್ಳಾರಂಕಲ್ ಮತ್ತಾಯಿ, ವಯಸ್ಸು ಇಪ್ಪತ್ತೊಂದು. ವಧು..." ಅವನು ತಡೆದ. "ಇದೊಂದು ಮಾತ್ರ ಗೊಂದಲ. ವೆಬ್‌ಸೈಟ್‌ನಲ್ಲಿ ಇರೋ ಅಜ್ಜಿ ಹೆಸರಲ್ಲ ಇದು. ಮೊದಲನೇ ಹೆಂಡತಿ ಇರಬೇಕು. ವಧು ಏಲೀಶ್ವಾ, ವಯಸ್ಸು ಹದಿನೈದು. ಕರಿಂಬನಕ್ಕಲ್ ಮನೆ ಪೈಲೀ ಅವರ ಮಗಳು. ಆ ಮನೆ ನಿಮ್ಮ ಕಡೇದಂತಲ್ಲ ಆಂಟಿ, ನಿಮಗೇನಾದ್ರೂ ಗೊತ್ತಾ?"

ಕರಿಂಬನಕ್ಕಲ್ ಪೈಲಿ ನನ್ನ ತಾತ, ಅಮ್ಮಚ್ಚಿಯ ಅಪ್ಪ. ಅವರಿಗಿದ್ದದ್ದು ಒಬ್ಬಳೇ ಮಗಳು.

ನನ್ನ ಅಪ್ಪ ಅವಳಿಗೆ ತಾಳಿ ಕಟ್ಟಿದ್ದು ಅರವತ್ತೆರಡರಲ್ಲಿ. ಅಂದು ಅವಳ ತಲೆಯ ಮೇಲೆ ಕನ್ಯೆಯರು ಮುಡಿಯುವ ಬಿಳಿ ಹೂವಿನ ಕಿರೀಟವಿದ್ದ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಮಲಬಾರಿನ ಬಗ್ಗೆ ಅಮ್ಮಚ್ಚಿ ಹೇಳುತ್ತಿದ್ದದ್ದು ಇಷ್ಟೇ: ಚಿಕ್ಕವಳಿದ್ದಾಗ ಅಪ್ಪನ ಜೊತೆ ಎರಡು ವರ್ಷ ಅಲ್ಲಿದ್ದೆ, ಚಳಿಜ್ವರ ಬಂದು ವಾಪಸ್ ಬಂದೆವು.

ನಾನು ನಿಧಾನವಾಗಿ ತಿರುಗಿದೆ. ಅಮ್ಮಚ್ಚಿ ಎರಡೂ ಕೈಗಳಿಂದ ಕೋಲನ್ನು ಎದೆಗೆ ಒತ್ತಿಕೊಂಡಿದ್ದರು.

"ಆಂಟಿ, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ."

"ಇನ್ನೂ ಇದೆ. ವೆಬ್‌ಸೈಟ್‌ನಲ್ಲಿ ಅಜ್ಜ ಐವತ್ತೊಂಬತ್ತರಲ್ಲಿ ಜ್ವರ ಬಂದು ತೀರಿಕೊಂಡ್ರು ಅಂತ ಇದ್ಯಲ್ಲ? ಸಾವಿನ ಪುಸ್ತಕಾನೂ ತಿರುವಿಹಾಕಿದ್ವಿ. ಹೆಸರು ಇಲ್ಲ. ಆಮೇಲೆ ಇಲ್ಲಿನ ಕಪ್ಯಾರ್ ಬಂದ್ರು, ಗಂಟೆ ಹೊಡೆಯೋರು. ನಾವೇನು ಹುಡುಕ್ತಿದೀವಿ ಅಂತ ಕೇಳಿ ನಕ್ಕುಬಿಟ್ರು."

"ಯಾಕೆ?"

"ವೆಳ್ಳಾರಂಕಲ್ ಮತ್ತಾಯಿ ಸತ್ತಿಲ್ಲ ಅಂದ್ರು ಆಂಟೀ! ತೊಂಬತ್ತು ವರ್ಷ. ಗುಡ್ಡದ ಮೇಲೆ ಒಂಟಿಯಾಗಿ ಇದಾರಂತೆ. ಹೆಂಡತಿ ತೀರಿಕೊಂಡ್ಮೇಲೆ ಮತ್ತೆ ಮದುವೇನೇ ಆಗಲಿಲ್ಲವಂತೆ, ಅದೊಂದು ಅರ್ಥ ಆಗ್ತಿಲ್ಲ, ಅವರನ್ನೇ ಕೇಳ್ತೀನಿ. ನಾನು ಈಗ ಅಲ್ಲಿಗೇ ಹತ್ತುತಾ ಇದೀನಿ. ಮನೆ ಕಾಣಿಸ್ತಿದೆ. ಬಾಗಿಲು ತೆಗೆದಿದೆ."

"ಸಿಲ್ವೀ, ನಿಲ್ಲು!" ಎಂದೆ. "ಅಲ್ಲೇ ನಿಲ್ಲು ಮಗಾ!"

"ಏನಂದ್ರಿ? ಇಲ್ಲಿ ಸರಿಯಾಗಿ ಸಿಗ್ತಿಲ್ಲ..."

ಕುರ್ಚಿ ಕಿರುಗುಟ್ಟಿತು. ಹತ್ತು ತಿಂಗಳಿಂದ ಎರಡು ಕಡೆ ಹಿಡಿದು ಎಬ್ಬಿಸದೆ ಏಳಲಾಗದ ಅಮ್ಮಚ್ಚಿ ತಾವೇ ಎದ್ದು ನಿಂತಿದ್ದರು. ನನ್ನ ಕೈಯಿಂದ ಫೋನ್ ಕಸಿದುಕೊಂಡು ಬಾಯಿಯ ಹತ್ತಿರ ಹಿಡಿದರು. ನಾನು ಈ ಅರವತ್ತು ವರ್ಷದಲ್ಲಿ ಕೇಳದ ಧ್ವನಿಯಲ್ಲಿ ಅವರು ಅಂದರು:

"ಮಗೂ, ಅವನ ಮುಂದೆ ನನ್ನ ಹೆಸರು ಹೇಳಬೇಡ. ನಾನು ಸತ್ತಿದೀನಿ ಅಂತ ಅವನಿಗೆ ಹೇಳಿದಾರೆ."

ಆ ಕಡೆಯಿಂದ ಗಾಳಿಯ ಸದ್ದು ಮಾತ್ರ ಬಂತು. ಆಮೇಲೆ ಒಂದು ನಾಯಿ ಬೊಗಳಿತು. ಆಮೇಲೆ, ಬಹಳ ಹತ್ತಿರದಿಂದ, ಒಬ್ಬ ಮುದುಕನ ಧ್ವನಿ.

"ಯಾರದು ಫೋನಲ್ಲಿ?"